ಜೋಳ ಒಣಗಿತೋ, ಸುಟ್ಟಿತೋ?

ವಿಜಯಪುರದ ಕಡೆ ಹಿಂಗಾರಿ ಕೈಕೊಟ್ಟ ವರ್ಷ ಹೊಲಕ್ಕೆ ಹೋದರೆ ‘ಬೆಳಿ ಸುಟ್ಟು ಹೋತ್ರೀ’ ಎಂಬ ಮಾತು ಕಿವಿಗೆ ಬೀಳುತ್ತದೆ. ಸುದ್ದಿ ಬರೆಯುವ ನಾವು ಅದನ್ನು ‘ತೇವಾಂಶ ಕೊರತೆಯಿಂದ ಬೆಳೆ ಹಾನಿ’ ಎಂದು ತಿದ್ದಿ ಕಳಿಸುತ್ತೇವೆ. ತಿದ್ದಬೇಕಿರಲಿಲ್ಲ. ಸುಡುತ್ತದೆ ಎಂಬ ಮಾತಿಗೆ ಬರಲು ವಿಜ್ಞಾನಕ್ಕೂ ಬಹಳ ಕಾಲ ಹಿಡಿದಿದೆ.

1876–78ರ ಬರದಲ್ಲಿ ಈ ಸೀಮೆ ನಲುಗಿತ್ತು. ಆಗ ಇದು ಕಲಾದಗಿ ಜಿಲ್ಲೆ. ಒಣಬೇಸಾಯದ ಮೇಲೆ ವ್ಯವಸ್ಥಿತ ಸಂಶೋಧನೆ ಬಿಜಾಪುರ, ಸೊಲ್ಲಾಪುರ, ರಾಯಚೂರು, ಹಗರಿಗಳಲ್ಲಿ ಶುರುವಾದದ್ದು 1930ರ ದಶಕದಲ್ಲಿ. ಅಲ್ಲಿನ ಕೆಲಸವೆಲ್ಲ ನೀರಿನ ಲೆಕ್ಕ. ಬದು ಹಾಕಬೇಕು, ಮಳೆ ಇಂಗಿಸಬೇಕು, ಸಾಲಿನ ಅಂತರ ಹೆಚ್ಚಿಸಬೇಕು, ಎಡೆ ಹೊಡೆದು ಎರೆಯ ಬಿರುಕು ಮುಚ್ಚಬೇಕು. ಎನ್.ವಿ. ಕಾನಿಟ್ಕರ್ 1944ರಲ್ಲಿ ಭಾರತದ ಒಣಬೇಸಾಯದ ಬಗ್ಗೆ ಪುಸ್ತಕವನ್ನೇ ಬರೆದರು. ಆ ಲೆಕ್ಕ ತಪ್ಪಲ್ಲ. ಹಿಂಗಾರಿ ಜೋಳ ಬದುಕುವುದೇ ಮಣ್ಣಲ್ಲಿ ಉಳಿದ ಹಸಿಯ ಮೇಲೆ. ಆದರೆ ಹಸಿ ತೀರಿದ ಮೇಲೆ ಎಲೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನೀರು ಉಳಿಸಿಕೊಳ್ಳಲು ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಕಡಿಮೆಯಾಗುತ್ತದೆ. ಬಿಸಿಲಂತೂ ನಿಲ್ಲುವುದಿಲ್ಲ. ಎಲೆಯ ಹಸಿರು ಬೆಳಕನ್ನು ಹಿಡಿಯುತ್ತಲೇ ಇರುತ್ತದೆ, ಆ ಶಕ್ತಿಯನ್ನು ಸಕ್ಕರೆ ಮಾಡಲು ಸಾಮಗ್ರಿ ಸಾಲದು. ದಾರಿ ತಪ್ಪಿದ ಎಲೆಕ್ಟ್ರಾನುಗಳು ಆಮ್ಲಜನಕಕ್ಕೆ ಅಂಟಿಕೊಂಡು ಸೂಪರಾಕ್ಸೈಡ್, ಮುಂದೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಇವು ಮಿತಿ ಮೀರಿದರೆ ಕೋಶದ ಪೊರೆಯನ್ನೂ ಪ್ರೋಟೀನನ್ನೂ ಕೆಡಿಸುತ್ತವೆ. ಮೇಲಾಗಿ, ರಂಧ್ರ ಮುಚ್ಚಿದ ಎಲೆ ಬೆವರುವುದಿಲ್ಲ, ಹಾಗಾಗಿ ಇನ್ನಷ್ಟು ಕಾಯುತ್ತದೆ. ಕಾವು ಏರಿದಂತೆ ದುರಸ್ತಿ ಮಾಡುವ ಕಿಣ್ವಗಳೂ ಸೋಲುತ್ತವೆ. ಬರಕ್ಕೆ ಬಿಸಿಲು ಜೊತೆಯಾದರೆ ನಷ್ಟ ಹೆಚ್ಚುವುದು ಹೀಗೆ.

ಇದು ಗೊತ್ತಾದದ್ದು ಬರಗಾಲದ ಹೊಲದಿಂದಲ್ಲ. ಬೆಳಕು ಬಿದ್ದ ಹರಿತ್ತಿನ ಕಣಗಳು ಪೆರಾಕ್ಸೈಡ್ ಮಾಡುತ್ತವೆ ಎಂದು ಅಲನ್ ಮೆಹ್ಲರ್ 1951ರಲ್ಲೇ ತೋರಿಸಿದ್ದರು. ಸೂಪರಾಕ್ಸೈಡನ್ನು ಅಡಗಿಸುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದರು. ಅದು ಸಿಕ್ಕಿದ್ದು ದನದ ರಕ್ತದಲ್ಲಿ! 1974ರಲ್ಲಿ ಜಪಾನಿನ ಕೋಜಿ ಅಸಾದಾ ತಂಡ ಪಾಲಕ್ ಎಲೆಯ ಕಣಗಳಲ್ಲಿ ಸೂಪರಾಕ್ಸೈಡ್ ಹುಟ್ಟುವುದನ್ನು ಕಂಡಿತು. 1976ರಲ್ಲಿ ಫೋಯರ್ ಮತ್ತು ಹ್ಯಾಲಿವೆಲ್, ಎಲೆಯಲ್ಲಿರುವ ವಿಟಮಿನ್ ಸಿ ಮತ್ತು ಗ್ಲುಟಾಥಯೋನ್ ಸೇರಿ ಆ ಪೆರಾಕ್ಸೈಡನ್ನು ಕಳೆಯುತ್ತವೆ ಎಂದು ವಿವರಿಸಿದರು. ನೆಲ್ಲಿಕಾಯಿಯಲ್ಲಿ ನಾವು ಹುಡುಕುವ ಅದೇ ವಿಟಮಿನ್.

ಇತ್ತ ಸೊಲ್ಲಾಪುರದ ಮೊಹೋಳದಲ್ಲಿ, ರೈತರ ಮಾಲದಂಡಿ ಜೋಳದಿಂದ ಎಂ 35-1 ತಳಿಯನ್ನು 1930ರ ದಶಕದಲ್ಲೇ ಆರಿಸಿಯಾಗಿತ್ತು. ಕಿಣ್ವ ಅಳೆದು ಆರಿಸಿದ್ದಲ್ಲ. ಆ ಕಿಣ್ವದ ಸುಳಿವೇ ಆಗ ಇರಲಿಲ್ಲ. ನಮ್ಮ ಎರೆ ಹೊಲಗಳಲ್ಲಿ ಆ ತಳಿ ಈಗಲೂ ಇದೆ.

ಈಗ ಪ್ರಯೋಗಾಲಯಗಳಲ್ಲಿ ಜೋಳ, ಗೋಧಿ ಸಸಿಗಳನ್ನು ಕುಂಡದಲ್ಲಿ ಒಣಗಿಸಿ ಕಿಣ್ವ ಅಳೆಯುತ್ತಾರೆ. ‘ಬರ ತಾಳುವ ತಳಿ ಸಿಕ್ಕಿತು’ ಎಂದು ನಾವು ಅವಸರದಲ್ಲಿ ಹೆಡ್‌ಲೈನ್ ಕೊಡುತ್ತೇವೆ. ಕಿಣ್ವ ಏರಿದ ಗಿಡವೆಲ್ಲ ಗಟ್ಟಿಯಲ್ಲ, ಹೆಚ್ಚು ಸಂಕಟಪಟ್ಟ ಗಿಡದಲ್ಲೂ ಅದು ಏರಬಹುದು. ಮಳೆಯಿಲ್ಲದ ವರ್ಷ ರಾಶಿಯಲ್ಲಿ ಎಷ್ಟು ಚೀಲ ಬಂತು ಎಂದು ಕೇಳಿದ ಮೇಲೇ ಆ ಸುದ್ದಿ ಬರೆಯಬೇಕು.