ಮಾಳ್ವದ ಅಫೀಮು, ಕಂಪನಿಯ ಚೌಕಾಸಿ

ಬಂಗಾಳ, ಬಿಹಾರಗಳಲ್ಲಿ ಅಫೀಮಿನ ವಿಷಯಕ್ಕೆ ಈಸ್ಟ್ ಇಂಡಿಯಾ ಕಂಪನಿ ಹೇಳಿದ್ದೇ ಕಾನೂನು. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಈ ವ್ಯಾಪಾರವನ್ನು ಸರ್ಕಾರದ ಕೈಗೆ ತಂದ. ಮುಂದೆ, ಮುಂಗಡ ಪಡೆದ ರೈತ ಕಂಪನಿ ಕಟ್ಟಿದ ದರಕ್ಕೇ ಮಾಲು ಒಪ್ಪಿಸಬೇಕಾಯಿತು. ಕಲ್ಕತ್ತೆಯಲ್ಲಿ ಹರಾಜಾದ ಪೆಟ್ಟಿಗೆಗಳನ್ನು ಖಾಸಗಿ ವರ್ತಕರು ಚೀನಾಕ್ಕೆ ಕದ್ದು ಸಾಗಿಸುತ್ತಿದ್ದರು.

ಮಾಳ್ವದಲ್ಲಿ ಮಾತ್ರ ಈ ದರ್ಬಾರು ನಡೆಯಲಿಲ್ಲ. ಅಲ್ಲಿನ ಕಪ್ಪು ಮಣ್ಣು ಹೋಳ್ಕರ್, ಸಿಂಧಿಯಾ ಮುಂತಾದ ಅರಸರದು. ಬಂಡವಾಳ ಊರಿನ ಸಾಹುಕಾರರದು. ಹಸಿ ಗಸಗಸೆ ಕಾಯಿಯನ್ನು ಹಲವು ಅಲಗಿನ ಪುಟ್ಟ ಕತ್ತಿಯಿಂದ ಗೀರಿ ಬಿಟ್ಟರೆ, ರಾತ್ರಿಯಿಡೀ ಒಸರಿ ಕಂದಾದ ಹಾಲನ್ನು ಬೆಳಿಗ್ಗೆ ಕೆರೆದು ತೆಗೆಯಬೇಕು. ಅದು ಒಣಗದಂತೆ ಅಗಸೆ ಎಣ್ಣೆಯಲ್ಲಿಟ್ಟು, ಆಮೇಲೆ ನಾದಿ ಉಂಡೆ ಕಟ್ಟುತ್ತಿದ್ದರು. ಚೀನಾದಲ್ಲಿ ಈ ಉಂಡೆ ಬಂಗಾಳದ ಮಾಲಿಗೆ ಪೈಪೋಟಿ ಕೊಟ್ಟಿತು.

ಕಂಪನಿ ಮೊದಲು ಬೊಂಬಾಯಿ ಬಂದರನ್ನು ಮುಚ್ಚಿ ನೋಡಿತು. ಬಳಿಕ ಮಾಲನ್ನೆಲ್ಲ ತಾನೇ ಕೊಳ್ಳಲು ಹೊರಟಿತು. ಬೆಲೆ ಏರಿ ಬೆಳೆ ಹೆಚ್ಚಿತಷ್ಟೆ. 1820ರ ದಶಕದಲ್ಲಿ ಅರಸರ ಜೊತೆ ಒಪ್ಪಂದಕ್ಕೆ ಕೂತಿತು: ಬೆಳೆ, ಸಾಗಣೆಗಳಿಗೆ ಕಡಿವಾಣ ಹಾಕಿ, ಬದಲಿಗೆ ಹಣ ತೆಗೆದುಕೊಳ್ಳಿ. ಇಂದೋರ್, ಉದಯಪುರ ಒಪ್ಪಿದವು. ಸಿಂಧಿಯಾ ಒಪ್ಪಲಿಲ್ಲ. ಒಬ್ಬ ದೊಡ್ಡ ಅರಸ ಹೊರಗುಳಿದರೂ ಸಾಕಿತ್ತು, ಬೇಲಿಗೆ ಅರ್ಥವೇ ಉಳಿಯಲಿಲ್ಲ. ಒಂಟೆಗಳ ಸಾಲು ಪಾಲಿ, ಜೈಸಲ್ಮೇರ್ ದಾಟಿ, ಮರುಭೂಮಿ ಬಳಸಿ ಕರಾಚಿ ಸೇರುತ್ತಿತ್ತು. ಅಲ್ಲಿಂದ ಮಾಲು ಸಮುದ್ರದ ಮೇಲೆ ಪೋರ್ಚುಗೀಸರ ದಮನ್‌ಗೆ ಬಂದು, ಚೀನಾದ ಹಡಗು ಹತ್ತುತ್ತಿತ್ತು. ದಮನ್‌ನಲ್ಲಿ ಕಂಪನಿಯ ಅಧಿಕಾರ ನಡೆಯುವಂತಿರಲಿಲ್ಲ.

ಕೊನೆಗೆ 1830ರಲ್ಲಿ ಕಂಪನಿ ಸೋಲೊಪ್ಪಿ ರಹದಾರಿ ಮಾರತೊಡಗಿತು. ಪೆಟ್ಟಿಗೆಗೆ 175 ರೂಪಾಯಿ ಕಟ್ಟಿದರೆ ನೇರ ಬೊಂಬಾಯಿಗೆ ದಾರಿ. ಆದರೂ ಹಲವರಿಗೆ ಮರುಭೂಮಿಯೇ ಅಗ್ಗವಾಯಿತು. 1835ರಲ್ಲಿ ಸುಂಕ 125ಕ್ಕೆ ಇಳಿಯಿತು. ಅಂದರೆ ಸರ್ಕಾರದ ತೆರಿಗೆಯನ್ನು ಒಂಟೆ ಬಾಡಿಗೆ ನಿರ್ಧರಿಸುತ್ತಿತ್ತು! ಬೊಂಬಾಯಿಯ ವರ್ತಕರಿಗಂತೂ ಇದು ಸುಗ್ಗಿಯ ಕಾಲ. ಚೀನಾ ವ್ಯಾಪಾರದಲ್ಲಿ ಸಿರಿವಂತನಾದ ಜಮ್ಷೆಡ್‌ಜಿ ಜೀಜೀಭಾಯ್‌ಗೆ 1842ರಲ್ಲಿ ನೈಟ್ ಪದವಿಯೂ ಬಂತು.

1843ರಲ್ಲಿ ಬ್ರಿಟಿಷರು ಸಿಂಧ್ ಗೆದ್ದುಕೊಂಡರು. ಕರಾಚಿಯ ಕಳ್ಳದಾರಿ ಮುಚ್ಚಿತು. ಅದೇ ವರ್ಷ ಸುಂಕ 200 ಆಯಿತು, 1845ರಲ್ಲಿ 300, 1847ರಲ್ಲಿ 400. ಮಾಲಿನ ಗುಣವಾಗಲಿ, ರೈತನ ಖರ್ಚಾಗಲಿ ಬದಲಾಗಿರಲಿಲ್ಲ. ಅವನ ಪರವಾಗಿ ಚೌಕಾಸಿಗೆ ಕೂತವರು ಒಬ್ಬರೂ ಇರಲಿಲ್ಲ. 1907ರಲ್ಲಿ ಬ್ರಿಟನ್ ಮತ್ತು ಚೀನಾ ಮಾತಾಡಿಕೊಂಡು, ರಫ್ತನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಲು ಒಪ್ಪಿದವು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಮಾಳ್ವದ ಅರಸರೂ ಇರಲಿಲ್ಲ.