ಘಟ್ಟ ಹತ್ತುವ ಗೇರ್‌ಬಾಕ್ಸ್: ಬಿಜೈಯಿಂದ ಕಂಡ ಒಂದು ಕಸುಬಿನ ಚರಿತ್ರೆ

ಬಿಜೈಯ ಕೆಎಸ್ಸಾರ್ಟಿಸಿ ನಿಲ್ದಾಣದಿಂದ ಬೆಂಗಳೂರಿಗೋ ಮೈಸೂರಿಗೋ ಹೊರಡುವ ಯಾವ ಗಾಡಿಗೂ ಘಟ್ಟ ತಪ್ಪಿದ್ದಲ್ಲ. ಉಪ್ಪಿನಂಗಡಿ ದಾಟಿ ನೇರ ಹೋದರೆ ಶಿರಾಡಿ, ಬೆಳ್ತಂಗಡಿಯ ಮೇಲೆ ಹೋದರೆ ಚಾರ್ಮಾಡಿ, ಸುಳ್ಯದ ಮೇಲೆ ಹೋದರೆ ಸಂಪಾಜೆ. ಮಂಗಳೂರು ಇರುವುದು ಕಡಲಿನ ಮಟ್ಟದಲ್ಲಿ. ಸಕಲೇಶಪುರ 900 ಮೀಟರಿಗಿಂತಲೂ ಮೇಲೆ. ಈ ಎತ್ತರವೇ ನಮ್ಮೂರಿನ ಮೋಟಾರು ಕಸುಬಿನ ನಿಜವಾದ ಗುರು. ಬಯಲುಸೀಮೆಯ ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿದಾಗ ಸವೆತ ಎಷ್ಟಾಗಿದೆ ಎಂದು ನೋಡುತ್ತಾನೆ. ನಾವು ಮೊದಲು ನೋಡುವುದು ಸುಟ್ಟ ಗುರುತು.

ಬಿಜೈ ಕಾಪಿಕಾಡಿನ ಆಸುಪಾಸಿನಲ್ಲಿ ಡೀಸೆಲ್ ಗಾಡಿಗಳ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಕಟ್ಟಿ ಏರಿಸುವುದರಲ್ಲೇ ನನ್ನ ಬದುಕು ಕಳೆದಿದೆ. ಈ ಕೆಲಸದಿಂದ ನಾನು ತಿಳಿದ ಮಾತು ಒಂದೇ. ಕರಾವಳಿಯಲ್ಲಿ ಗೇರ್ ಬದಲಾಯಿಸುವ ವಿದ್ಯೆ ಬೆಳೆದು ಬಂದ ದಾರಿಯೆಂದರೆ, ಘಟ್ಟದಲ್ಲಿ ಹುಟ್ಟುವ ಬಿಸಿಯನ್ನು ಎಲ್ಲಿ ಕಳುಹಿಸಬೇಕು ಎಂಬ ಪ್ರಶ್ನೆಗೆ ಒಂದೊಂದು ತಲೆಮಾರು ಕಂಡುಕೊಂಡ ಉತ್ತರ. ಇಂದಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂಡ ಆ ಪ್ರಶ್ನೆಯನ್ನು ತೀರಿಸಿಲ್ಲ, ಚಾಲಕನ ಕಾಲಿನಿಂದ ಎಣ್ಣೆಗೆ ದಾಟಿಸಿದೆ ಅಷ್ಟೇ.

ಕಬ್ಬಿಣದ ಕೆಲಸ ಬಲ್ಲ ಕೈಗಳು ಮಂಗಳೂರಿನಲ್ಲಿ ಮೋಟಾರಿಗಿಂತ ಮೊದಲೇ ಇದ್ದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕಾರ್ಖಾನೆಯ ಯಂತ್ರಗಳ ಜೊತೆಗೆ ಲೇತ್, ಎರಕ, ಫಿಟ್ಟಿಂಗ್ ಕೆಲಸವೂ ಊರಿಗೆ ಬಂತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಸಿಪಿಸಿ, ಇಲ್ಲಿ ಬಸ್ ಕಂಪನಿಯಾಗಿ ಹುಟ್ಟಿತು. ಸೇತುವೆ ಇಲ್ಲದ ಹೊಳೆಗಳಲ್ಲಿ ಬಸ್ಸನ್ನು ಜಂಗಲ್ ದೋಣಿಯ ಮೇಲೆ ಏರಿಸಿ ದಾಟಿಸುತ್ತಿದ್ದ ಕಾಲ ಅದು. 1943ರಲ್ಲಿ ವಿ.ಎಸ್. ಕುಡ್ವರು ಕೆನರಾ ವರ್ಕ್‌ಶಾಪ್ಸ್ ಕಟ್ಟಿದರು. ಅಲ್ಲಿ ತಯಾರಾದ ಲೀಫ್ ಸ್ಪ್ರಿಂಗ್‌ಗಳು ಕೆನರಾ ಸ್ಪ್ರಿಂಗ್ಸ್ ಎಂಬ ಹೆಸರಿನಲ್ಲಿ ದೇಶದಾದ್ಯಂತ ಹೋದವು. ಗಾಡಿಯ ಪಟ್ಟಿ ತುಂಡಾಗುವ ರಸ್ತೆಗಳ ನಾಡಿನಲ್ಲೇ ಪಟ್ಟಿ ಮಾಡುವ ಕಾರ್ಖಾನೆ ಬೆಳೆದದ್ದು ನನಗೆ ಸಹಜವಾಗಿ ಕಾಣುತ್ತದೆ.

ಆಗ ಮಹಾಯುದ್ಧದ ಕಾಲ. ಪೆಟ್ರೋಲಿಗೆ ಪಡಿತರ. ಬಸ್ಸಿನ ಹಿಂದೆ ಗ್ಯಾಸ್ ಪ್ಲಾಂಟ್ ಕಟ್ಟಿ, ಇದ್ದಿಲು ಉರಿಸಿ, ಆ ಅನಿಲದ ಬಲದಲ್ಲಿ ಎಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಎಂಜಿನ್ನಿಗೆ ಬಲ ಸಾಲದು. ಪ್ರಯಾಣಿಕರು ಇಳಿದು ನಡೆಯಬೇಕು. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಕ್ಲಚ್ ಪೆಡಲೇ ಇಲ್ಲದ ಕಾರುಗಳು ರಸ್ತೆಗೆ ಬಂದಿದ್ದವು. ಜನರಲ್ ಮೋಟಾರ್ಸ್ 1939ರಲ್ಲಿ ಓಲ್ಡ್ಸ್‌ಮೊಬಿಲ್ ಕಾರಿಗೆ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿತು. ಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಹಗುರ ಟ್ಯಾಂಕುಗಳಿಗೂ ಹೋಯಿತು. ಆ ತಂತ್ರ ನಮ್ಮ ಘಟ್ಟ ಹತ್ತಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ನಡುವಿನ ಆ ಕಾಲವೆಲ್ಲ ಡೀಸೆಲ್‌ನದು. ಹಳೆಯ ಪೆಟ್ರೋಲ್ ಲಾರಿಗಳ ಎಂಜಿನ್ ಇಳಿಸಿ, ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸುವುದು ಒಂದು ದೊಡ್ಡ ಕೆಲಸವಾಗಿತ್ತು. 1954ರಲ್ಲಿ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಬಂದವು, ಮರುವರ್ಷ ಅಶೋಕ್ ಲೇಲ್ಯಾಂಡ್ ಹೆಸರು ಕೇಳಿಬಂತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯ ಸೇರಿದಾಗ ಘಟ್ಟದ ಮೇಲಿನ ಓಡಾಟಕ್ಕೆ ಹೊಸ ಅರ್ಥ ಬಂತು: ಕಚೇರಿ, ಕೋರ್ಟು, ವಿಧಾನಸೌಧ ಎಲ್ಲವೂ ಮೇಲೆಯೇ. 1961ರ ಆಗಸ್ಟ್ 1ರಂದು ಸರಕಾರಿ ಸಾರಿಗೆ ನಿಗಮವಾಯಿತು. ಆದರೂ ಈ ಜಿಲ್ಲೆಯ ಊರೂರಿನ ಓಡಾಟವನ್ನು ಹೊತ್ತದ್ದು ಖಾಸಗಿ ಬಸ್ಸುಗಳು. ಅವುಗಳ ಹಿಂದೆ ನಮ್ಮಂಥ ಗ್ಯಾರೇಜುಗಳು. ಓದು ಬೇಕೆಂದವರಿಗೆ ಕದ್ರಿ ಗುಡ್ಡದ ಮೇಲೆ 1946ರಲ್ಲಿ ಶುರುವಾದ ಕರ್ನಾಟಕ ಪಾಲಿಟೆಕ್ನಿಕ್, ಅಂದರೆ ಕೆಪಿಟಿ, ಇತ್ತು. ಓದಲಾಗದವರಿಗೆ ಮೇಸ್ತ್ರಿಯ ಕೈಕೆಳಗೆ ಡೀಸೆಲ್‌ನಲ್ಲಿ ಬಿಡಿಭಾಗ ತೊಳೆಯುವ ಟ್ರೇ ಇತ್ತು. ನಾನು ಟ್ರೇಯಿಂದ ಬಂದವನು.

ಆ ಕಾಲದ ಗೇರ್‌ಬಾಕ್ಸ್‌ಗಳಲ್ಲಿ ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಇರಲಿಲ್ಲ. ಗೇರ್ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ ಬಿಡಬೇಕು, ಎಕ್ಸಿಲೇಟರ್ ಒಂದು ಸಲ ಒತ್ತಿ ಎಂಜಿನ್ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಇದು ಡಬಲ್ ಕ್ಲಚ್. ಏರಿನ ತಿರುವಿನಲ್ಲಿ ಇದಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು, ಇಲ್ಲವಾದರೆ ಗಾಡಿ ಹಿಂದೆ ಸರಿಯುತ್ತದೆ. ಒಳ್ಳೆಯ ಚಾಲಕ ಶಬ್ದ ಕೇಳಿಯೇ ಗೇರ್ ಹಾಕುತ್ತಿದ್ದ. ಅವನ ಗಾಡಿಯ ಹಲ್ಲುಗಳು ವರ್ಷಗಟ್ಟಲೆ ಹೊಸದರಂತೆ ಉಳಿಯುತ್ತಿದ್ದವು. ಬಿಚ್ಚಿದ ಗೇರ್‌ಬಾಕ್ಸ್ ನೋಡಿಯೇ ನಮ್ಮ ಮೇಸ್ತ್ರಿ ಇದು ಯಾರು ಓಡಿಸುವ ಬಸ್ಸು ಎಂದು ಹೇಳುತ್ತಿದ್ದರು.

ಆಗ ಬಿಸಿ ಎಲ್ಲರಿಗೂ ಕಾಣುವ ಜಾಗದಲ್ಲಿತ್ತು. ಹೇರ್‌ಪಿನ್ ತಿರುವಿನಲ್ಲಿ ಹಾಫ್ ಕ್ಲಚ್‌ನಲ್ಲಿ ಹಿಡಿದರೆ ಪ್ಲೇಟ್ ಸುಟ್ಟ ವಾಸನೆ ಬಸ್ಸಿನೊಳಗೆಲ್ಲ ಹರಡುತ್ತಿತ್ತು. ರೇಡಿಯೇಟರ್ ಕುದಿದರೆ ಆವಿ ಏಳುತ್ತಿತ್ತು. ಕ್ಲೀನರ್ ಹುಡುಗ ಡಬ್ಬ ಹಿಡಿದು ತೊರೆಗೆ ಇಳಿಯುತ್ತಿದ್ದ. ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ನೀರಿಗೆ ಬರವಿರಲಿಲ್ಲ. ಗೇರ್‌ಬಾಕ್ಸ್ ಮಾತ್ರ ತನ್ನ ದಪ್ಪ ಎಣ್ಣೆಯಲ್ಲಿ ಮುಳುಗಿ, ಹೊರಗಿನ ಗಾಳಿಯಿಂದಲೇ ತಣಿಯುತ್ತಿತ್ತು. ಅದಕ್ಕೆ ಪ್ರತ್ಯೇಕ ಕೂಲರ್ ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅದು ಸರಿಯೂ ಆಗಿತ್ತು, ಯಾಕೆಂದರೆ ಹಲ್ಲಿಗೆ ಹಲ್ಲು ಸೇರಿದ ಗೇರು ವ್ಯರ್ಥ ಮಾಡುವ ಶಕ್ತಿ ತೀರ ಕಡಿಮೆ.

ಆಟೊಮ್ಯಾಟಿಕ್ ಬಂದಾಗ ಲೆಕ್ಕ ಬದಲಾಯಿತು. ಅದರ ಮೂಲ ಹಡಗಿನದು. 1905ರಲ್ಲಿ ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್, ವೇಗವಾಗಿ ತಿರುಗುವ ಟರ್ಬೈನಿನ ಶಕ್ತಿಯನ್ನು ನಿಧಾನ ತಿರುಗಬೇಕಾದ ಪ್ರೊಪೆಲ್ಲರಿಗೆ ದ್ರವದ ಮೂಲಕ ದಾಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಇಂದಿನ ಟಾರ್ಕ್ ಕನ್ವರ್ಟರ್ ಅದೇ. ಎಂಜಿನ್ ಕಡೆಯ ಚಕ್ರ ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸ್ ಕಡೆಯ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ, ನಡುವಿನ ಸ್ಟೇಟರ್ ಎಣ್ಣೆಯ ದಿಕ್ಕು ತಿರುಗಿಸಿ ಬಲ ಹೆಚ್ಚಿಸುತ್ತದೆ. ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಇರುವವರೆಗೆ ಒಂದಷ್ಟು ಶಕ್ತಿ ಎಣ್ಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲೇ ದೊಡ್ಡ ಟಾರ್ಕ್ ಕೊಡುವುದರಿಂದ ಏರಿನಲ್ಲಿ ಕನ್ವರ್ಟರಿನ ಮೇಲಿನ ಒತ್ತಡವೂ ದೊಡ್ಡದು. 100 ಕಿಲೋವಾಟ್ ಶಕ್ತಿ ದಾಟುತ್ತಿರುವಾಗ ಕನ್ವರ್ಟರಿನ ದಕ್ಷತೆ 80 ಪ್ರತಿಶತ ಇದ್ದರೆ 20 ಕಿಲೋವಾಟ್ ಬಿಸಿ ಎಣ್ಣೆಗೆ ಹೋಯಿತು. ಬಚ್ಚಲಿನ ಹತ್ತು ಗೀಸರ್‌ಗಳನ್ನು ಕೆಲವು ಲೀಟರ್ ಎಣ್ಣೆಯೊಳಗೆ ಒಟ್ಟಿಗೆ ಹಚ್ಚಿಟ್ಟಂತೆ ಅದು. ವೇಗ ಸಿಕ್ಕಿ, ಎರಡು ಚಕ್ರಗಳನ್ನು ಒಟ್ಟಿಗೆ ಬೆಸೆಯುವ ಲಾಕಪ್ ಕ್ಲಚ್ ಹಿಡಿದರೆ ಜಾರುವಿಕೆ ನಿಲ್ಲುತ್ತದೆ. ಆದರೆ ತಿರುವಿನ ಮೇಲೆ ತಿರುವು, ಮುಂದೆ ಲೋಡ್ ಲಾರಿ ತೆವಳುತ್ತಿರುವಾಗ ಲಾಕಪ್‌ಗೆ ಅವಕಾಶ ಎಲ್ಲಿ?

ನಮ್ಮ ರಾಜ್ಯದ ಜನ ಕ್ಲಚ್ ಪೆಡಲ್ ಇಲ್ಲದ ದೊಡ್ಡ ಡೀಸೆಲ್ ಗಾಡಿಯನ್ನು ಹತ್ತಿರದಿಂದ ಕಂಡದ್ದು 2006ರಲ್ಲಿ ಬಿಎಂಟಿಸಿ ಓಡಿಸಿದ ಕೆಂಪು ವೋಲ್ವೊ ನಗರ ಬಸ್ಸುಗಳಲ್ಲಿ. ದೂರದ ಬಸ್ಸಿಗೆ ಬೇರೆ ದಾರಿ ಸಿಕ್ಕಿತು. 2001ರಲ್ಲಿ ದೇಶಕ್ಕೆ ಬಂದ ವೋಲ್ವೊ ಬಿ7ಆರ್ ಕೈಯಿಂದ ಗೇರ್ ಹಾಕುವ ಗಾಡಿ. ಮುಂದೆ ಬಂದ ಮಲ್ಟಿ ಆಕ್ಸಲ್‌ಗಳಲ್ಲಿ ಐ-ಶಿಫ್ಟ್ ಇದೆ: ಒಳಗಿರುವುದು ಮಾಮೂಲಿ ಹಲ್ಲಿನ ಗೇರು, ಒಣ ಕ್ಲಚ್; ಕ್ಲಚ್ ಒತ್ತುವುದು, ಗೇರ್ ಬದಲಾಯಿಸುವುದು ಮಾತ್ರ ಯಂತ್ರದ ಕೆಲಸ. ಟಾರ್ಕ್ ಕನ್ವರ್ಟರ್ ಇಲ್ಲದ್ದರಿಂದ ಏರಿನ ಬಿಸಿ ಕಡಿಮೆ. ಆದರೆ ಇಳಿಜಾರಿನ ಬಿಸಿ ಇದ್ದೇ ಇದೆ. 16 ಟನ್ ಗಾಡಿ 800 ಮೀಟರ್ ಕೆಳಗಿಳಿದರೆ ಸುಮಾರು 35 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿಯನ್ನು ಎಲ್ಲಾದರೂ ಕಳೆಯಲೇಬೇಕು. ಹೈಡ್ರಾಲಿಕ್ ರಿಟಾರ್ಡರ್ ಅದನ್ನು ಎಣ್ಣೆಯಲ್ಲಿ ಹಿಡಿದು, ಎಂಜಿನ್ ನೀರಿಗೆ ದಾಟಿಸಿ, ರೇಡಿಯೇಟರಿನಿಂದ ಹೊರಹಾಕುತ್ತದೆ. ನೀರು ವಿಪರೀತ ಬಿಸಿಯಾದರೆ ರಿಟಾರ್ಡರ್ ತಾನಾಗಿ ಹಿಡಿತ ಕಡಿಮೆ ಮಾಡುತ್ತದೆ. ಹಾಗಾಗಿ ಇಳಿಯುವಾಗಲೂ ರೇಡಿಯೇಟರ್ ಶುಚಿಯಾಗಿರುವುದು ಬ್ರೇಕಿನಷ್ಟೇ ಮುಖ್ಯ.

ನನ್ನ ಗ್ಯಾರೇಜಿಗೆ ಈ ಹೊಸ ಕಾಲ ಬಂದದ್ದು ಸಣ್ಣ ಗಾಡಿಗಳ ಜೊತೆ. 2008ರಲ್ಲಿ ಮಹೀಂದ್ರಾ ಸ್ಕಾರ್ಪಿಯೊಗೆ ಆರು ವೇಗದ ಆಟೊಮ್ಯಾಟಿಕ್ ಬಂತು. 2016ರಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್ನಿನ ಇನ್ನೋವಾ ಕ್ರಿಸ್ಟಾ ಆಟೊಮ್ಯಾಟಿಕ್ ಬಂದ ಮೇಲೆ ಟ್ಯಾಕ್ಸಿಯವರೂ ಎಡಗಾಲಿಗೆ ವಿಶ್ರಾಂತಿ ಕೊಡತೊಡಗಿದರು. ಧರ್ಮಸ್ಥಳ, ಸುಬ್ರಹ್ಮಣ್ಯ, ಚಿಕ್ಕಮಗಳೂರು ಎಂದು ಏಳು ಜನ, ಮಾಡಿನ ಮೇಲೆ ಲಗೇಜು, ಏಸಿ ಪೂರ್ತಿ.

ಒಂದು ಮಳೆಗಾಲದ ಕೊನೆಗೆ ಅಂಥದ್ದೇ ಒಂದು ಗಾಡಿ ಬಂತು. ಚಾಲಕ ಹೇಳಿದ, “ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ ಮಾರಾಯ್ರೆ. ಎಂಜಿನ್ ಕೂಗ್ತದೆ, ಚಕ್ರಕ್ಕೆ ಬಲ ಬರುದಿಲ್ಲ.” ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟೆ. ಕೆಂಪಗೆ ಹರಡಬೇಕಾದದ್ದು ಕಂದು ಮಚ್ಚೆಯಾಗಿ ನಡುವಲ್ಲೇ ನಿಂತಿತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಎಣ್ಣೆ ಬದಲಾಯಿಸಿದ್ದೀರಾ ಎಂದು ಕೇಳಿದೆ. ಗಾಡಿಯ ಆಯುಸ್ಸಿಗೆ ಒಮ್ಮೆ ತುಂಬಿದ್ದು ಸಾಕು ಎಂದು ಅವನಿಗೆ ಯಾರೋ ಹೇಳಿದ್ದರು. ಆ ಮಾತು ನಮ್ಮ ಘಟ್ಟಗಳನ್ನು ನೋಡಿ ಹೇಳಿದ್ದಲ್ಲ. ಎಣ್ಣೆಗೆ 80ರಿಂದ 95 ಡಿಗ್ರಿ ಹಿತ. 120 ದಾಟಿದರೆ ಅದು ಬೇಗ ಕೆಡುತ್ತದೆ. ಹತ್ತು ಡಿಗ್ರಿ ಏರಿದಂತೆಲ್ಲ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಕಸುಬಿನವರ ಲೆಕ್ಕ.

ರೇಡಿಯೇಟರ್ ಇಳಿಸಿ ನೀರು ಹಾಯಿಸಿದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನಿಂದ ಮುರಕಲ್ಲಿನ ಕೆಂಪು ಮಣ್ಣು, ಹುಳುಗಳ ರೆಕ್ಕೆ, ಒಣಗಿದ ಎಲೆ ಚೂರು ಇಳಿಯಿತು. ಉಪ್ಪು ಗಾಳಿಗೆ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಹುಡಿಯಾಗಿ ಉದುರುತ್ತಿದ್ದವು. ಕಾರ್ಖಾನೆ ಕೊಟ್ಟ ಎಣ್ಣೆ ಕೂಲರ್ ರೇಡಿಯೇಟರಿನ ನೀರಿನ ತೊಟ್ಟಿಯ ಒಳಗೇ ಇರುವ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ. ಒಳಗಿನ ಗೋಡೆ ತೂತಾದರೆ ನೀರು ಎಣ್ಣೆಗೆ ಸೇರಿ ಕೆನೆಗಟ್ಟಿದ ತಿಳಿಗುಲಾಬಿ ಬಣ್ಣ ಬರುತ್ತದೆ, ಕ್ಲಚ್ ಪ್ಲೇಟುಗಳಿಗೆ ಅಂಟಿಸಿದ ಲೈನಿಂಗ್ ಬಿಟ್ಟುಬರುತ್ತದೆ. ಆಮೇಲೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚುವುದೊಂದೇ ದಾರಿ.

ಸುಧಾರಣೆಗೆ ನಾನು ಹಿಡಿಯುವ ಕ್ರಮ ಹೀಗೆ. ಮೊದಲು ಎಣ್ಣೆಯ ತಾಪ ಓದುವ ಸಾಧನ. ಅಳೆಯದೆ ಏನನ್ನೂ ಬದಲಾಯಿಸಬಾರದು. ಆಮೇಲೆ ಕಂಪನಿ ಹೇಳಿದ ಎಣ್ಣೆಯೇ, ಹೊಸ ಫಿಲ್ಟರ್, ತೊಳೆದ ರೇಡಿಯೇಟರ್. ಅಷ್ಟಕ್ಕೂ ತಾಪ ಇಳಿಯದಿದ್ದರೆ ಪ್ಲೇಟುಗಳ ಜೋಡಣೆಯ ಹೊರ ಕೂಲರ್. ಅದನ್ನು ರೇಡಿಯೇಟರಿನ ಕೂಲರ್ ಆದ ಮೇಲೆ ಸಾಲಿನಲ್ಲಿ ಸೇರಿಸಬೇಕು, ಆಗ ಗೇರ್‌ಬಾಕ್ಸಿಗೆ ಮರಳುವ ಎಣ್ಣೆ ಕೊನೆಗೆ ಗಾಳಿಯಲ್ಲಿ ತಣಿದು ಬರುತ್ತದೆ. ಕಂಡೆನ್ಸರಿನ ಮುಂದೆ ಸ್ವಲ್ಪ ಜಾಗ ಬಿಟ್ಟು, ಕಬ್ಬಿಣದ ಪಟ್ಟಿಗೆ ರಬ್ಬರ್ ಬುಷ್ ಇಟ್ಟು ಕೂರಿಸಬೇಕು. ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ದಾರ ತೂರಿಸಿ ಕಟ್ಟಿದರೆ ಅಲ್ಲೇ ತೂತು ಬೀಳುತ್ತದೆ. ಮಂಜಿನ ಬೆಳಗಿಗೆ ಎಣ್ಣೆ ಅತಿ ತಣ್ಣಗಾಗದಂತೆ ಥರ್ಮೋಸ್ಟಾಟ್ ಇರಬೇಕು. ಕೂಲರ್ ಹಿಡಿಯುವಷ್ಟು ಎಣ್ಣೆ ಸೇರಿಸಿ ಮಟ್ಟ ಮತ್ತೆ ನೋಡಬೇಕು. ದೊಡ್ಡ ತೊಟ್ಟಿ, ಗಟ್ಟಿ ಕ್ಲಚ್ ಪ್ಲೇಟು, ವಾಲ್ವ್ ಬಾಡಿಯ ತಿದ್ದುಪಡಿ ಇವೆಲ್ಲ ಗೇರ್‌ಬಾಕ್ಸ್ ಹೇಗೂ ಬಿಚ್ಚಬೇಕಾಗಿ ಬಂದಾಗಿನ ಮಾತು. ರೀಮ್ಯಾಪ್ ಮಾಡಿಸಿ ಎಂಜಿನ್ ಬಲ ಏರಿಸಿ, ಕೂಲರನ್ನು ಮರೆಯುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ: ಬಲ ಹೆಚ್ಚಿದಷ್ಟು ಬಿಸಿಯೂ ಹೆಚ್ಚುತ್ತದೆ, ಮೊದಲು ಅದಕ್ಕೆ ದಾರಿ ಮಾಡಿ.

ಹೀಗೆ ಹೊರ ಕೂಲರ್ ಕೂರಿಸಿದ ಆ ಟ್ಯಾಕ್ಸಿಯನ್ನು ಶಿರಾಡಿಯ ಬುಡದ ಗುಂಡ್ಯದಿಂದ ಮೇಲೆ ಹತ್ತಿಸಿ ನೋಡಿದೆವು. ತಾಪ 100ರ ಒಳಗೆ ನಿಂತಿತು. ಅದರಲ್ಲಿ ಅರ್ಧ ಪಾಲು ಕೂಲರಿನದು. ಉಳಿದರ್ಧ, ಲಿವರನ್ನು ಮ್ಯಾನುಯಲ್ ಕಡೆಗೆ ಸರಿಸಿ ಎರಡು ಅಥವಾ ಮೂರನೇ ಗೇರಿನಲ್ಲೇ ಹಿಡಿದು ಹೋಗುವಂತೆ ಚಾಲಕನಿಗೆ ಹೇಳಿಕೊಟ್ಟದ್ದು. ಏರುವ ಗೇರಿನಲ್ಲೇ ಇಳಿ ಎಂದು ಸಿಪಿಸಿ ಕಾಲದ ಚಾಲಕರು ಕಲಿಸಿದ ಪಾಠ ಇಂದಿಗೂ ಸರಿಯಾಗಿಯೇ ಇದೆ. ಯಂತ್ರ ಎಷ್ಟೇ ಜಾಣವಾದರೂ ಮುಂದಿನ ತಿರುವು ಅದಕ್ಕೆ ಕಾಣುವುದಿಲ್ಲ, ಚಾಲಕನಿಗೆ ಕಾಣುತ್ತದೆ.

ನಮ್ಮ ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವಿದೆ. ಹಡಗಿನ ಆಕಾರದ ಆ ಮನೆಯನ್ನು ಕರ್ನಲ್ ಮಿರಾಜಕರ್ ತಾಯಿಯ ನೆನಪಿಗೆ ಕೊಟ್ಟರು, 1960ರಿಂದ ಅದು ವಸ್ತುಸಂಗ್ರಹಾಲಯ. ಮೋಟಾರು ಕಸುಬೂ ಅಲ್ಲಿ ಇಡತಕ್ಕ ಚರಿತ್ರೆಯೇ ಎಂದು ನಾನು ನಂಬುತ್ತೇನೆ. ಒಂದು ಇದ್ದಿಲ ಗ್ಯಾಸ್ ಪ್ಲಾಂಟ್, ಸಿಂಕ್ರೊಮೆಶ್ ಇಲ್ಲದ ಒಂದು ಗೇರ್‌ಬಾಕ್ಸ್, ಕತ್ತರಿಸಿ ಒಳಗು ತೋರಿಸಿದ ಒಂದು ಟಾರ್ಕ್ ಕನ್ವರ್ಟರ್. ಕತ್ತರಿಸಿ ಜೋಡಿಸುವ ಕೆಲಸ ಕೆಪಿಟಿಯ ಹುಡುಗರಿಗೆ ಆಗುತ್ತದೆ, ಬಿಡಿಭಾಗ ಕೊಡಲು ನಮ್ಮಂಥ ಗ್ಯಾರೇಜಿನವರು ಸಿದ್ಧ. ಡಬಲ್ ಕ್ಲಚ್ ಬಲ್ಲ ಹಿರಿಯ ಚಾಲಕರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಬರೆದಿಡಬೇಕು. ನಾಳೆ ಬ್ಯಾಟರಿ ಬಸ್ಸು ಘಟ್ಟ ಹತ್ತುವಾಗ ಗೇರು ಇಲ್ಲದಿರಬಹುದು, ಆದರೆ ಮೋಟರು, ಬ್ಯಾಟರಿ ಬಿಸಿಯಾಗುತ್ತವೆ. ಆ ಕೆಲಸಕ್ಕೆ ಕೈಹಾಕುವ ಹುಡುಗರಿಗೆ ಈ ಘಟ್ಟದಲ್ಲಿ ಹಿಂದಿನವರು ಬಿಸಿಯನ್ನು ಹೇಗೆ ನಿಭಾಯಿಸಿದರೆಂಬುದು ಗೊತ್ತಿರಬೇಕು.