ಕ್ಷೀಣರಕ್ತ

ಕಳೆದ ಮಳೆಗಾಲದಲ್ಲಿ ತಂಗಿಯ ಜೊತೆ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಮೂಗಿನ ನಡುವಿನ ಸಣ್ಣ ಉಬ್ಬನ್ನು ತೆಗೆಸಿಕೊಳ್ಳಬೇಕೆಂಬುದು ಅವಳ ಆಸೆ. ಎರಡು ಕಡೆಯವರು ಹೆಣ್ಣು ನೋಡಿ ಹೋಗಿ, ಆಮೇಲೆ ಸುದ್ದಿಯಿಲ್ಲದೆ ಸುಮ್ಮನಾದ ಮೇಲೆ ಹುಟ್ಟಿದ ಆಸೆ ಅದು. ರಿಸೆಪ್ಷನ್ನಿನಲ್ಲಿ ಕೊಟ್ಟ ಫಾರಂ ತುಂಬುತ್ತಾ ಕೂತವಳು, "ಅಕ್ಕ, ಆಸ್ಪಿರಿನ್ ತಗೋತೀರಾ ಅಂತ ಕೇಳಿದ್ದಾರೆ. ಮೂಗಿಗೂ ಅದಕ್ಕೂ ಏನು ಸಂಬಂಧ?" ಎಂದಳು. ರಕ್ತ ಬೇಗ ನಿಲ್ಲುವುದಿಲ್ಲ, ಅದಕ್ಕೆ ಎಂದೆ. ಸಕ್ಕರೆ ಕಾಯಿಲೆ, ಬಿಪಿ, ಆಸ್ತಮಾ, ಸಿಗರೇಟು, ಹಿಂದಿನ ಆಪರೇಷನ್ನುಗಳು ಹೀಗೆ ಎರಡು ಪುಟದ ಪ್ರಶ್ನೆಗಳಿದ್ದವು. ಈ ದೇಹ ಕತ್ತಿಯನ್ನು ತಾಳಿಕೊಳ್ಳುವಷ್ಟು ಆರೋಗ್ಯವಾಗಿದೆಯೇ ಎಂಬುದೇ ಎಲ್ಲದರ ತಿರುಳು.

ವೈದ್ಯಕೀಯದ ಚರಿತ್ರೆಯನ್ನು ಓದುತ್ತಿರುವ ನನಗೆ ಆ ಫಾರಂ ಹೊಸದೆನಿಸಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಹರಿದ ಕಿವಿಹಾಲೆಯನ್ನು ಜೋಡಿಸುವ ಕ್ರಮವೂ ಅದರ ಬೆನ್ನಿಗೇ ಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮವೂ ಇವೆ. ಮೂಗಿನ ಅಳತೆಗೆ ಒಂದು ಎಲೆ ತೆಗೆದುಕೊಂಡು, ಅಷ್ಟೇ ಚರ್ಮವನ್ನು ಕೆನ್ನೆಯಿಂದ ಬಿಡಿಸಿ ಮೂಗಿನ ಜಾಗಕ್ಕೆ ಕೂಡಿಸಬೇಕು. ಉಸಿರಾಟಕ್ಕೆ ಎರಡು ನಳಿಗೆ ಇಡಬೇಕು. ಬಿಳಿ ಹತ್ತಿ ಮುಚ್ಚಿ ಎಳ್ಳೆಣ್ಣೆಯಿಂದ ತೋಯಿಸುತ್ತಿರಬೇಕು. ಈ ಭಾಗವನ್ನು ಎಲ್ಲರೂ ಹೆಮ್ಮೆಯಿಂದ ಉದ್ಧರಿಸುತ್ತಾರೆ. ಆದರೆ ಅದಕ್ಕೂ ಮೊದಲು, ಕಿವಿಯ ಪ್ರಸಂಗದಲ್ಲಿ, ಒಂದು ಎಚ್ಚರಿಕೆ ಬರುತ್ತದೆ. ರಕ್ತ ಕೆಟ್ಟಿದ್ದರೆ, ಮಿತಿಮೀರಿ ಹರಿಯುತ್ತಿದ್ದರೆ, ಕ್ಷೀಣವಾಗಿದ್ದರೆ ಜೋಡಿಸಬಾರದು. ಜೋಡಿಸಿದ ಮೇಲೆ ಹಗಲುನಿದ್ದೆ, ವ್ಯಾಯಾಮ, ಅತಿಯಾದ ಊಟ, ಬೆಂಕಿಯ ಕಾವು, ಹೆಚ್ಚು ಮಾತು ಕೂಡದು. ಕೈಚಳಕ ಎಷ್ಟೇ ಇರಲಿ, ದೇಹ ಸಿದ್ಧವಿರದಿದ್ದರೆ ಕೈ ಹಾಕಬೇಡ ಎಂಬುದೇ ಇದರ ಅರ್ಥ.

ಮೂಗು ಕಟ್ಟುವ ಕಲೆ ನಮ್ಮಲ್ಲಿ ಉಳಿದು ಬಂದದ್ದಕ್ಕೆ ಹೆಮ್ಮೆಪಡುವಂತಿಲ್ಲದ ಕಾರಣವೊಂದಿದೆ. ಇಲ್ಲಿ ಮೂಗು ಕೊಯ್ಯುವವರೂ ಇದ್ದರು. ಮೂಗು ಹೋದರೆ ಮಾನ ಹೋದಂತೆ. 1650ರ ದಶಕದಲ್ಲಿ ಮೈಸೂರಿನ ಸೈನ್ಯ ಮಧುರೆಯ ನಾಯಕರ ಸೀಮೆಗೆ ನುಗ್ಗಿ ಜನರ ಮೂಗನ್ನು ಮೇಲ್ತುಟಿಯ ಸಮೇತ ಕೊಯ್ದದ್ದನ್ನು ಆ ಕಾಲದ ಜೆಸೂಯಿಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಮಧುರೆಯವರೂ ಅದೇ ರೀತಿ ಸೇಡು ತೀರಿಸಿಕೊಂಡರು.

ಅದಾಗಿ ಶತಮಾನಕ್ಕೂ ಹೆಚ್ಚು ಕಾಲದ ನಂತರ, 1792ರ ಯುದ್ಧದಲ್ಲಿ, ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಒಂದು ವರ್ಷ ಹಾಗೆಯೇ ಕಳೆದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಮೊದಲು ಮೇಣದಲ್ಲಿ ಮೂಗಿನ ಅಚ್ಚು ಮಾಡಿದ, ಅಂಟಿಸಲು ಕಾಚು ಬಳಸಿದ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕಿತ್ತು. ಸುಮಾರು 25ನೆಯ ದಿನ ಹಣೆಗೂ ಮೂಗಿಗೂ ನಡುವೆ ರಕ್ತ ಹರಿಯಲೆಂದು ಉಳಿಸಿದ್ದ ಚರ್ಮದ ಪಟ್ಟಿಯನ್ನು ಕತ್ತರಿಸಿದರು. 1794ರ ಅಕ್ಟೋಬರಿನ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಮೇತ ಪ್ರಕಟಿಸಿತು. ಆ ಇಟ್ಟಿಗೆಯವನ ಹೆಸರನ್ನು ಮಾತ್ರ ಅದು ಬರೆಯಲಿಲ್ಲ.

ಈ ವಿಧಾನವನ್ನು ಅನುಸರಿಸಿದ ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಹೊಸ ಮೂಗು ಕಟ್ಟಿದ. ಅವನ ಮೂಗು ಹೋದದ್ದು ಯುದ್ಧದಲ್ಲಲ್ಲ, ಯಕೃತ್ತಿನ ತೊಂದರೆಗೆಂದು ಕೊಟ್ಟ ಪಾದರಸದ ಔಷಧಿಯಿಂದ. ಈಥರ್ ಬಂದದ್ದು 1846ರಲ್ಲಿ. ಹಾಗಾಗಿ ಆಗ ಆರೋಗ್ಯವೆಂದರೆ, ಎಚ್ಚರವಿದ್ದೇ ಆ ನೋವನ್ನು ಸಹಿಸುವ ಶಕ್ತಿಯೂ ಹೌದು.

ಇವರೆಲ್ಲ ಮೂಗು ಕಳೆದುಕೊಂಡವರು. ಇದ್ದ ಮೂಗನ್ನೇ ಬದಲಿಸುವ ಮಾತು ಬಂದಾಗ ಪ್ರಶ್ನೆಯೂ ಬದಲಾಯಿತು. 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್, ದೊಡ್ಡ ಮೂಗಿನಿಂದ ಕುಗ್ಗಿ ಜನರಿಗೆ ಮುಖ ತೋರಿಸಲು ಅಂಜುತ್ತಿದ್ದವನೊಬ್ಬನ ಮೂಗನ್ನು ಚಿಕ್ಕದು ಮಾಡಿದ. ಮನಸ್ಸಿನ ಆ ಸಂಕಟವೂ ಚಿಕಿತ್ಸೆ ಬೇಡುತ್ತದೆ ಎಂಬುದು ಅವನ ವಾದ. ಸ್ವತಃ ಯೆಹೂದಿಯಾಗಿದ್ದ ಅವನ ಬಳಿ, ಮೂಗಿನಿಂದಲೇ ಗುರುತಿಸಿ ಹೀಯಾಳಿಸುತ್ತಿದ್ದ ನಗರದ ಯೆಹೂದಿಗಳೂ ಬಂದರು. ರೋಗವಿದ್ದದ್ದು ನೋಡುವವರ ಕಣ್ಣಿನಲ್ಲಿ, ಕತ್ತಿ ಬಿದ್ದದ್ದು ಇವರ ಮೂಗಿನ ಮೇಲೆ. ಆದರೂ ಅವರ ಸಂಕಟವನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು. ಇಂದು ಒಳ್ಳೆಯ ವೈದ್ಯರು ಮನಸ್ಸಿನ ಆರೋಗ್ಯವನ್ನೂ ವಿಚಾರಿಸುತ್ತಾರೆ. ಇಲ್ಲದ ಊನವನ್ನೇ ಕನ್ನಡಿಯಲ್ಲಿ ಹುಡುಕುತ್ತಾ ಕೂರುವವರಿಗೆ ಕತ್ತಿಯಿಂದ ನೆಮ್ಮದಿ ಸಿಗುವುದು ಅಪರೂಪ ಎಂಬುದು ಅವರಿಗೆ ಗೊತ್ತು.

ತಂಗಿಯನ್ನೂ ಡಾಕ್ಟರು ಕೇಳಿದರು: "ಇದು ನಿಮ್ಮ ಆಸೆಯೋ, ಮನೆಯವರದೋ?" ಅವಳು "ನನ್ನದೇ ಡಾಕ್ಟ್ರೇ" ಎಂದಳು. ನಾನು ನೆಲ ನೋಡಿದೆ. ಎರಡು ದಿನ ಬಿಟ್ಟು ರಕ್ತಪರೀಕ್ಷೆಯ ವರದಿ ಬಂತು. ಹಿಮೋಗ್ಲೋಬಿನ್ 8.5. ಅವಸರದ ಆಪರೇಷನ್ ಏನಲ್ಲ, ರಕ್ತ ಯಾಕೆ ಕಡಿಮೆಯಾಗಿದೆ ಎಂದು ಮೊದಲು ತೋರಿಸಿಕೊಳ್ಳಿ, ಆಮೇಲೆ ಮೂಗಿನ ಮಾತು ಎಂದು ಡಾಕ್ಟರು ಕಳಿಸಿಬಿಟ್ಟರು.

ಕ್ಷೀಣರಕ್ತ. ಆ ಪದಕ್ಕೆ ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದವಳು ನಾನು. ತಂಗಿ ಎರಡು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಸಂಜೆಯಾದರೆ ಸುಸ್ತು ಅನ್ನುತ್ತಿದ್ದಳು. ಅದನ್ನು ಸೋಮಾರಿತನ ಎಂದು ನಕ್ಕವಳೂ ನಾನೇ. ಬಂದವರು, ಹೋದವರು, ಅಮ್ಮ, ಅತ್ತೆಯರು, ನಾನು, ಎಲ್ಲರೂ ಅವಳ ಮುಖ ನೋಡಿದ್ದೆವು. ಅದು ಬಿಳಿಚಿಕೊಂಡಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆ ನಮ್ಮ ಮನೆಗೇ ಹೇಳಿ ಮಾಡಿಸಿದಂತಿತ್ತು.

ಈಗ ಅವಳು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಹೋದ ತಿಂಗಳ ವರದಿಯಲ್ಲಿ 11.4 ಇತ್ತು. ಮೂಗಿನ ವಿಷಯ ಏನು ಮಾಡುತ್ತೀಯ ಎಂದು ನಾನು ಕೇಳಿಲ್ಲ. ಅದು ಅವಳು ತೀರ್ಮಾನಿಸಬೇಕಾದದ್ದು. ಮೊನ್ನೆ ಮೂರನೆಯ ಮಹಡಿಗೆ ನನಗಿಂತ ಮೊದಲೇ ಹತ್ತಿ ನಿಂತು, "ಬಾರೇ ಅಕ್ಕ, ಎಷ್ಟು ಹೊತ್ತು!" ಎಂದು ಕೂಗಿದಳು.